ತಣ್ಣಗಾದ ಮೇಲೇ ಕೈಕೊಡುವ ಎಸಿ: ಹಳೆಯ ಕಾರೊಂದರ ಪ್ರಕರಣ

ಕಾರಿಗೆ ಹದಿನೈದು ವರ್ಷ ದಾಟಿತ್ತು. ಪೆಟ್ರೋಲ್ ಎಂಜಿನ್, ಬೆಲ್ಟಿನಿಂದ ತಿರುಗುವ ಹಳೇ ನಮೂನೆಯ ಕಂಪ್ರೆಸರ್ (ಗ್ಯಾಸನ್ನು ಒತ್ತಿ ಸುತ್ತಿಸುವುದು ಇದೇ), ಅದರ ಮೂತಿಗೆ ಮ್ಯಾಗ್ನೆಟ್ ಕ್ಲಚ್ (ಕರೆಂಟು ಕೊಟ್ಟಾಗ ಕಂಪ್ರೆಸರನ್ನು ಬೆಲ್ಟಿನ ಪುಲ್ಲಿಗೆ ಕಚ್ಚಿಸುವ, ಕಡಿದಾಗ ಬಿಡಿಸುವ ಭಾಗ), ಒಳಗೆ ಆರ್‌-134ಎ ಗ್ಯಾಸ್. ದೂರು ಇಷ್ಟೇ: ಬೆಳಗ್ಗೆ ಕಾರು ತೆಗೆದಾಗ ಎಸಿ ಚೆನ್ನಾಗಿ ತಣ್ಣಗೆ ಬರುತ್ತದೆ, ಅರ್ಧ ಮುಕ್ಕಾಲು ಗಂಟೆ ಓಡಿದ ಮೇಲೆ ಬರೀ ಗಾಳಿ. ಎಲ್ಲಾದರೂ ನಿಲ್ಲಿಸಿ ಒಂದು ಗಂಟೆ ಬಿಟ್ಟು ಬಂದರೆ ಮತ್ತೆ ತಣ್ಣಗೆ. ಇದಕ್ಕಾಗಿ ಈಗಾಗಲೇ ಎರಡು ಸಲ ಬೇರೆ ಕಡೆ ಗ್ಯಾಸ್ ತುಂಬಿಸಿ ಆಗಿತ್ತು. ತುಂಬಿಸಿದ ದಿನ ಸರಿಹೋದಂತೆ ಕಾಣುತ್ತದೆ, ಆಮೇಲೆ ಅದೇ ಕಥೆ. ಮಾಲೀಕರು ಬಂದದ್ದೂ ಮೂರನೇ ಸಲ ತುಂಬಿಸುವ ಲೆಕ್ಕದಲ್ಲೇ. "ಸ್ವಲ್ಪ ಗ್ಯಾಸ್ ಹಾಕಿಬಿಡಿ ಸಾರ್, ಲೀಕ್ ಎಲ್ಲೋ ಇರಬೇಕು" ಅಂದರು.

ಎಸಿಯ ಗ್ಯಾಸ್ ಪೆಟ್ರೋಲಿನ ಹಾಗೆ ಉರಿದು ಮುಗಿಯುವಂಥದ್ದಲ್ಲ. ಮುಚ್ಚಿದ ಕೊಳವೆಗಳಲ್ಲಿ ಅದೇ ಗ್ಯಾಸ್ ಸುತ್ತುತ್ತಿರುತ್ತದೆ, ಕಡಿಮೆಯಾದರೆ ಸೋರಿಯೇ ಕಡಿಮೆಯಾಗಬೇಕು. ಸೋರಿದ ಗಾಡಿಯಲ್ಲಿ ಕೂಲಿಂಗ್ ದಿನದಿಂದ ದಿನಕ್ಕೆ ಇಳಿಯುತ್ತದೆಯೇ ಹೊರತು ಮಧ್ಯಾಹ್ನ ಮಾಯವಾಗಿ ಸಂಜೆ ತಾನಾಗಿ ವಾಪಸ್ ಬರುವುದಿಲ್ಲ. ಆಚೆ ಹೋದ ಗ್ಯಾಸ್ ಹಿಂದಕ್ಕೆ ಬರುವ ದಾರಿ ಎಲ್ಲಿದೆ? ಹಾಗಾಗಿ ಒತ್ತಡ ಅಳೆಯುವ ಗೇಜ್ ಕೈಗೆ ತಗೊಳ್ಳುವ ಮೊದಲೇ ಲೀಕಿನ ಮಾತು ದೂರಿಗೆ ಹೊಂದುತ್ತಿರಲಿಲ್ಲ.

ಬಂದು ಹೋಗುವ ತೊಂದರೆಗೆ ಕಾರಣಗಳು ಕೈಬೆರಳೆಣಿಕೆಯವು, ಒಂದೊಂದಕ್ಕೂ ಅದರದೇ ಗುರುತಿದೆ. ಕೂಲಿಂಗ್ ಕಾಯಿಲ್ ಮೇಲೆ ಮಂಜುಗಡ್ಡೆ ಕಟ್ಟಿದರೆ ಗಾಳಿಯ ರಭಸವೇ ಕುಗ್ಗುತ್ತದೆ, ಬ್ಲೋವರ್ ಸದ್ದು ಇರುತ್ತದೆ, ಮುಖಕ್ಕೆ ಗಾಳಿ ಬೀಳುವುದಿಲ್ಲ. ಒಳಗೆ ನೀರಿನಂಶ ಸೇರಿ, ದ್ರವವಾದ ಗ್ಯಾಸನ್ನು ಕಾಯಿಲಿಗೆ ಅಳೆದು ಬಿಡುವ ಎಕ್ಸ್‌ಪಾನ್ಶನ್ ವಾಲ್ವಿನ ಕಿರಿದಾದ ಬಾಯಲ್ಲಿ ಹೆಪ್ಪುಗಟ್ಟಿದರೆ, ಎಸಿ ಆಫ್ ಮಾಡಿ ಕೆಲವು ನಿಮಿಷ ಬಿಟ್ಟರೆ ಸಾಕು, ಕರಗಿ ಮತ್ತೆ ಶುರುವಾಗುತ್ತದೆ. ಗ್ಯಾಸಿನ ಬಿಸಿಯನ್ನು ಹೊರಗೆ ಬಿಡುವ ಕಂಡೆನ್ಸರಿನ ಫ್ಯಾನ್ ತಿರುಗದಿದ್ದರೆ ನಿಂತಾಗ ಬಿಸಿ, ಓಡುವಾಗ ತಂಪು. ಎಂಜಿನ್ ಬಿಸಿ ಮಿತಿ ಮೀರಿ ಎಂಜಿನ್ ಕಂಪ್ಯೂಟರೇ ಎಸಿಯನ್ನು ಕಡಿದುಹಾಕುವುದೂ ಉಂಟು, ಆದರೆ ಆಗ ಟೆಂಪರೇಚರ್ ಮುಳ್ಳು ಮೇಲೇರಿರುತ್ತದೆ. ಇವನ್ನೆಲ್ಲ ಒಂದೊಂದಾಗಿ ಕೇಳಿದೆ. ಗಾಳಿಯ ರಭಸ ಹಾಗೇ ಇರುತ್ತದೆಯಂತೆ. ಆಫ್ ಮಾಡಿ ಐದು ನಿಮಿಷ ಬಿಟ್ಟು ಹಾಕಿದರೂ ಬರುವುದಿಲ್ಲವಂತೆ. ನಿಂತಾಗಲೂ ಅಷ್ಟೇ, ಓಡುವಾಗಲೂ ಅಷ್ಟೇ. ಮುಳ್ಳು ಯಾವತ್ತೂ ನಡುಮಧ್ಯದಲ್ಲೇ.

ಇಷ್ಟು ಹೇಳಿ ಮುಗಿಸಿದ ಮೇಲೆ ಅವರು ಬಾಯಿಮಾತಿಗೆ ಅಂತ ಒಂದು ಸೇರಿಸಿದರು. "ಇನ್ನೊಂದು ವಿಚಿತ್ರ ಸಾರ್. ಒಳಗೆ ಚೆನ್ನಾಗಿ ತಣ್ಣಗಾದ ಮೇಲೇ ಇದು ಕೈಕೊಡೋದು. ಉರಿಬಿಸಿಲಲ್ಲಿ ಐದು ಜನ ತುಂಬಿಕೊಂಡು ಹೋದರೆ ಎಷ್ಟೋ ಹೊತ್ತು ಸುಮ್ಮನೆ ಓಡುತ್ತೆ. ಒಬ್ಬನೇ ಇದ್ದಾಗ ಬೇಗ ಹೋಗುತ್ತೆ." ಇಡೀ ಪ್ರಕರಣದ ಬೀಗದ ಕೈ ಈ ಮಾತಿನಲ್ಲೇ ಇತ್ತು. ಮಾಲೀಕರು "ವಿಚಿತ್ರ" ಅಂತ ಹೇಳುವುದನ್ನು ನಾನು ಯಾವಾಗಲೂ ಬರೆದಿಟ್ಟುಕೊಳ್ಳುತ್ತೇನೆ, ಅದು ಅವರು ಯಾರಿಂದಲೋ ಕೇಳಿ ಒಪ್ಪಿಸುವ ಮಾತಾಗಿರುವುದಿಲ್ಲ.

ಗಾಡಿ ರಾತ್ರಿ ಅಲ್ಲೇ ನಿಂತಿತು. ಮರುದಿನ ಎಂಜಿನ್ ಹಾಕುವ ಮೊದಲು ಗೇಜ್ ಸೆಟ್ ಜೋಡಿಸಿದೆವು. ನಿಂತ ಗಾಡಿಯ ಒತ್ತಡ ಗ್ಯಾಸ್ ಎಷ್ಟಿದೆ ಅನ್ನುವುದನ್ನು ಹೇಳುವುದಿಲ್ಲ, ಇದನ್ನು ಬಹಳ ಜನ ತಪ್ಪಾಗಿ ತಿಳಿದಿದ್ದಾರೆ. ಒಳಗೆ ಒಂದಿಷ್ಟು ದ್ರವ ಉಳಿದಿರುವವರೆಗೂ ಒತ್ತಡ ತಾಪಮಾನವನ್ನಷ್ಟೇ ಹಿಂಬಾಲಿಸುತ್ತದೆ, ಅರ್ಧ ತುಂಬಿದ್ದರೂ ಪೂರ್ತಿ ತುಂಬಿದ್ದರೂ ಮುಳ್ಳು ಒಂದೇ ಜಾಗದಲ್ಲಿ. ಆದರೆ ಅದರಿಂದ ಇನ್ನೊಂದು ಸಂಗತಿ ಗೊತ್ತಾಗುತ್ತದೆ. 32 ಡಿಗ್ರಿ ಸೆಲ್ಸಿಯಸ್‌ನಲ್ಲಿ ಶುದ್ಧ ಆರ್‌-134ಎ ತೋರಿಸಬೇಕಾದ ಒತ್ತಡ ಸುಮಾರು 103 ಪಿಎಸ್‌ಐ. ಶೆಡ್ಡಿನ ಗಾಳಿಯೂ ಕಂಡೆನ್ಸರ್ ಕೊಳವೆಯೂ 32ರಲ್ಲೇ ಇದ್ದವು, ಗೇಜ್ ಮಾತ್ರ 116 ತೋರಿಸಿತು. ಹೆಚ್ಚುವರಿ ಒತ್ತಡ ಅಂದರೆ ಗ್ಯಾಸಿನ ಜೊತೆ ಬೇರೆ ಏನೋ ಸೇರಿದೆ ಅಂತ ಅರ್ಥ, ಹೆಚ್ಚಿನ ಸಲ ಅದು ಗಾಳಿ. ಪೈಪಿನೊಳಗಿನ ಗಾಳಿಯನ್ನು ಆಚೆ ತಳ್ಳದೆ ಗ್ಯಾಸ್ ಡಬ್ಬಿ ಸಿಕ್ಕಿಸಿದರೆ ಆ ಗಾಳಿಯಷ್ಟೂ ಒಳಗೇ ಹೋಗುತ್ತದೆ. ಗಾಳಿ ಕಂಡೆನ್ಸರಿನಲ್ಲಿ ದ್ರವವಾಗುವುದಿಲ್ಲ, ಸುಮ್ಮನೆ ಜಾಗ ಹಿಡಿದು ಕೂರುತ್ತದೆ.

ಎಂಜಿನ್ ಹಾಕಿ 1500 ಆರ್‌ಪಿಎಂನಲ್ಲಿ ನೋಡಿದಾಗ ಕೆಳಗಿನ ಕಡೆ (ಕಂಪ್ರೆಸರ್ ಗ್ಯಾಸ್ ಎಳೆದುಕೊಳ್ಳುವ ಕಡೆ) 44, ಮೇಲಿನ ಕಡೆ (ಒತ್ತಿ ಹೊರಗೆ ತಳ್ಳುವ ಕಡೆ) 275 ಪಿಎಸ್‌ಐ. ಆ ಬಿಸಿಗೆ ಇಂಥ ಗಾಡಿಯಲ್ಲಿ ಸಾಮಾನ್ಯವಾಗಿ 30ರಿಂದ 40, 200ರಿಂದ 240 ಇರಬೇಕು. ಎರಡೂ ಕಡೆ ಜಾಸ್ತಿ. ಗ್ಯಾಸ್ ಕಡಿಮೆಯಾಗಿದೆ ಅಂತ ಬಂದ ಗಾಡಿಯಲ್ಲಿ ಗ್ಯಾಸ್ ಅತಿಯಾಗಿತ್ತು. ಒಳಗೆ ಗಾಳಿ ಬರುವ ನಡುವಿನ ಜಾಲರಿಯಲ್ಲಿ ಇಟ್ಟ ಥರ್ಮಾಮೀಟರ್ 11 ಡಿಗ್ರಿ ತೋರಿಸುತ್ತಿತ್ತು. ತಂಪೇನೋ ಇದೆ, ಇನ್ನೂ ಕೆಳಗಿಳಿಯಬೇಕಿತ್ತು.

ಇಲ್ಲಿ ಒಂದು ಆಮಿಷವಿದೆ. ತಪ್ಪೊಂದು ಕಣ್ಣೆದುರೇ ಸಿಕ್ಕಿದೆ, ಗ್ಯಾಸ್ ತೆಗೆದು ಸರಿಯಾದ ತೂಕಕ್ಕೆ ತುಂಬಿ ಕಳಿಸಿಬಿಡೋಣ ಅನ್ನಿಸುತ್ತದೆ. ಆದರೆ 275 ಪಿಎಸ್‌ಐ ಒತ್ತಡಕ್ಕೆ ಎಸಿ ಪೂರ್ತಿ ನಿಂತುಹೋಗುವುದಿಲ್ಲ, ಹೈ ಪ್ರೆಶರ್ ಸ್ವಿಚ್ ಕಡಿಯುವುದು ಸುಮಾರು 400ರ ಆಸುಪಾಸಿನಲ್ಲಿ. ಸಿಕ್ಕಿದ ತಪ್ಪು ನಿಜ, ಅದು ದೂರಿಗೆ ಉತ್ತರವಲ್ಲ. ತೊಂದರೆ ಕಣ್ಣೆದುರು ಕಾಣಿಸಿಕೊಳ್ಳುವ ಮೊದಲು ಏನನ್ನೂ ಮುಟ್ಟಬಾರದು. ಮುಟ್ಟಿದರೆ ಯಾವುದರಿಂದ ಸರಿಹೋಯಿತು, ನಿಜಕ್ಕೂ ಸರಿಹೋಯಿತೇ ಅನ್ನುವುದೇ ತಿಳಿಯದೆ ಹೋಗುತ್ತದೆ.

ಗೇಜಿನ ಪೈಪುಗಳನ್ನು ಸಂದಿಯಿಂದ ಹೊರಗೆ ಎಳೆದುಕೊಂಡು ಬಾನೆಟ್ಟನ್ನು ಆದಷ್ಟು ಮುಚ್ಚಿದೆವು. ಇದು ಮುಖ್ಯ. ಬಾನೆಟ್ ತೆರೆದಿಟ್ಟು ಪರೀಕ್ಷೆ ಮಾಡಿದರೆ ಎಂಜಿನ್ ಗೂಡು ರಸ್ತೆಯಲ್ಲಿದ್ದಷ್ಟು ಕಾಯುವುದೇ ಇಲ್ಲ. ಕಿಟಕಿ ಮುಚ್ಚಿ, ಒಳಗಿನ ಗಾಳಿಯನ್ನೇ ಸುತ್ತಿಸುವಂತೆ ಇಟ್ಟು, ಬ್ಲೋವರ್ ಕಡಿಮೆ ಮಾಡಿ ಕಾಯುತ್ತಾ ಕೂತೆವು. ಬ್ಲೋವರ್ ಕಡಿಮೆ ಮಾಡಿದ್ದು ಬೇಕೆಂದೇ. ಹಾಯುವ ಗಾಳಿ ಕಡಿಮೆಯಾದರೆ ಕೂಲಿಂಗ್ ಕಾಯಿಲ್ ಬೇಗ ತಣ್ಣಗಾಗುತ್ತದೆ, ಅದರ ಬಳಿಯ ಸೆನ್ಸರ್ ಕಂಪ್ರೆಸರನ್ನು ಬೇಗ ನಿಲ್ಲಿಸುತ್ತದೆ. ಕಾಯಿಲ್ ಮೇಲೆ ಮಂಜುಗಡ್ಡೆ ಕಟ್ಟದಿರಲಿ ಅಂತ ಅದು ನೀರು ಹೆಪ್ಪುಗಟ್ಟುವ ಮಟ್ಟಕ್ಕಿಂತ ತುಸು ಮೇಲೆಯೇ ಕ್ಲಚ್ಚಿನ ಕರೆಂಟು ಕಡಿದು, ಕೆಲವು ಡಿಗ್ರಿ ಏರಿದ ಮೇಲೆ ಮತ್ತೆ ಕೊಡುತ್ತದೆ. ಮಾಲೀಕರ "ವಿಚಿತ್ರ" ನಿಜವಾಗಿದ್ದರೆ ಈ ನಿಲ್ಲುವ ಹೊರಡುವ ಆಟದಲ್ಲೇ ಏನೋ ತಪ್ಪುತ್ತಿರಬೇಕು.

ಮೊದಲ ಕೆಲವು ಸುತ್ತು ಸರಿಯಾಗೇ ನಡೆಯಿತು. ಟಕ್ ಅಂತ ಬಿಡುತ್ತದೆ, ಸ್ವಲ್ಪ ಹೊತ್ತಿಗೆ ಟಕ್ ಅಂತ ಕಚ್ಚುತ್ತದೆ, ಎಂಜಿನ್ ಸದ್ದು ಒಂದು ಕ್ಷಣ ಕುಗ್ಗಿ ಏಳುತ್ತದೆ. ಗೂಡು ಚೆನ್ನಾಗಿ ಕಾದ ಮೇಲೆ ಒಂದು ಸಲ ಬಿಟ್ಟದ್ದು ಮತ್ತೆ ಕಚ್ಚಲಿಲ್ಲ. ಡ್ಯಾಶ್‌ಬೋರ್ಡಿನಲ್ಲಿ ಎಸಿ ದೀಪ ಉರಿಯುತ್ತಲೇ ಇತ್ತು, ಕಂಡೆನ್ಸರ್ ಫ್ಯಾನೂ ತಿರುಗುತ್ತಿತ್ತು. ಜಾಲರಿಯ ಥರ್ಮಾಮೀಟರ್ 11ರಿಂದ 15, 20, 26 ಅಂತ ಏರುತ್ತಾ ಹೋಯಿತು. ಗೇಜಿನಲ್ಲಿ ಕೆಳಗಿನ ಮುಳ್ಳು ಮೇಲೆ, ಮೇಲಿನ ಮುಳ್ಳು ಕೆಳಗೆ, ಎರಡೂ ಒಂದೇ ಅಂಕಿಯ ಕಡೆ ಹೊರಟಿದ್ದವು. ವಾಲ್ವಿನಲ್ಲಿ ಹೆಪ್ಪುಗಟ್ಟಿದ್ದರೆ ಕಂಪ್ರೆಸರ್ ಎಳೆಯುತ್ತಲೇ ಇದ್ದು ಕೆಳಗಿನ ಮುಳ್ಳು ಸೊನ್ನೆಗೂ ಕೆಳಗೆ ಜಾರಬೇಕಿತ್ತು. ಎರಡು ಮುಳ್ಳು ಸಮವಾಗುವುದೆಂದರೆ ಒಂದೇ ಅರ್ಥ: ಕಂಪ್ರೆಸರ್ ಎಳೆಯುತ್ತಿಲ್ಲ.

ಬಗ್ಗಿ ನೋಡಿದರೆ ಬೆಲ್ಟಿನ ಪುಲ್ಲಿ ಗಿರ್ರನೆ ತಿರುಗುತ್ತಿದೆ, ಅದರ ಮುಂದಿನ ತಟ್ಟೆ ಅಲ್ಲಾಡದೆ ನಿಂತಿದೆ. ಈಗ ಉಳಿದದ್ದು ಒಂದೇ ಪ್ರಶ್ನೆ. ಕ್ಲಚ್ಚಿಗೆ ಕರೆಂಟು ಬರುತ್ತಿಲ್ಲವೋ, ಬಂದರೂ ಅದು ಎಳೆಯುತ್ತಿಲ್ಲವೋ? ಇದನ್ನು ಅಳೆಯುವುದರಲ್ಲಿ ಒಂದು ಸೂಕ್ಷ್ಮವಿದೆ. ಕನೆಕ್ಟರ್ ಬಿಚ್ಚಿ ವೈರಿನ ತುದಿಗೆ ಮೀಟರ್ ಇಟ್ಟರೆ ಹೊರೆ ಇರುವುದಿಲ್ಲ, ದಾರಿಯಲ್ಲಿ ಸಂಪರ್ಕ ಎಷ್ಟೇ ಹದಗೆಟ್ಟಿದ್ದರೂ ಪೂರ್ತಿ ವೋಲ್ಟೇಜ್ ಕಾಣಿಸುತ್ತದೆ. ಜೋಡಿಸಿದ ಕನೆಕ್ಟರಿನ ಹಿಂದಿನಿಂದ ಸೂಜಿಮೊನೆ ತೂರಿಸಿ, ಕರೆಂಟು ಹರಿಯುವಾಗಲೇ ಅಳೆಯಬೇಕು. ಹಾಗೆ ಅಳೆದಾಗ ಬ್ಯಾಟರಿಯಲ್ಲಿ 13.8 ವೋಲ್ಟ್ ಇದ್ದರೆ ಕ್ಲಚ್ಚಿನಲ್ಲಿ 12. ಕರೆಂಟು ಬರುತ್ತಿದೆ, ಬಡಕಲಾಗಿ ಬರುತ್ತಿದೆ. ಸ್ವಿಚ್, ಸೆನ್ಸರ್, ಕಂಪ್ಯೂಟರ್ ಎಲ್ಲ ತಮ್ಮ ಪಾಲಿನ ಕೆಲಸ ಮಾಡುತ್ತಿವೆ ಅಂತಲೂ ಇದರಿಂದಲೇ ಖಾತ್ರಿಯಾಯಿತು.

ಉದ್ದನೆಯ ಒಣ ಕೋಲೊಂದನ್ನು ತಗೊಂಡು ನಿಂತಿದ್ದ ತಟ್ಟೆಯ ನಡುಭಾಗವನ್ನು ಮುಂದಿನಿಂದ ಮೆಲ್ಲಗೆ ಒತ್ತಿದೆ. ಟಕ್! ತಟ್ಟೆ ಕಚ್ಚಿಕೊಂಡು ತಿರುಗತೊಡಗಿತು, ನಿಮಿಷದೊಳಗೆ ಜಾಲರಿಯಲ್ಲಿ ತಂಪು. ಕೋಲು ತೆಗೆದರೂ ಬಿಡಲಿಲ್ಲ, ಸೆನ್ಸರ್ ಮುಂದಿನ ಸಲ ಕಡಿಯುವವರೆಗೆ ಹಾಗೇ ಓಡಿತು. (ಎಂಜಿನ್ ಓಡುವಾಗ ಬೆಲ್ಟಿನ ಬಳಿ ಮಾಡುವ ಈ ಕೆಲಸಕ್ಕೆ ಕೈ ಒಡ್ಡುವುದಿರಲಿ, ಸಡಿಲ ತೋಳಿನ ಅಂಗಿ ಹಾಕಿಕೊಂಡೂ ಹೋಗಬಾರದು. ಜಾಗ ಇಕ್ಕಟ್ಟಾಗಿದ್ದರೆ ಈ ಪರೀಕ್ಷೆಯನ್ನೇ ಬಿಟ್ಟುಬಿಡಿ, ಮೀಟರ್ ಸಾಕು.)

ತಟ್ಟೆಗೂ ಪುಲ್ಲಿಗೂ ನಡುವೆ ಕೂದಲೆಳೆಯಷ್ಟು ಅಂತರ ಇರುತ್ತದೆ. ಸಾಮಾನ್ಯವಾಗಿ 0.3ರಿಂದ 0.6 ಮಿ.ಮೀ., ಆಯಾ ಗಾಡಿಯ ಕೈಪಿಡಿಯಲ್ಲಿ ಕೊಟ್ಟಿರುತ್ತಾರೆ. ಕ್ಲಚ್ಚಿನ ಸುರುಳಿಗೆ ಕರೆಂಟು ಹೋದಾಗ ಅದು ಅಯಸ್ಕಾಂತವಾಗಿ ಈ ಅಂತರ ದಾಟಿ ತಟ್ಟೆಯನ್ನು ಎಳೆದುಕೊಳ್ಳಬೇಕು. ಪ್ರತಿ ಸಲ ಕಚ್ಚುವಾಗಲೂ ಎರಡು ಮುಖಗಳು ಒಂದಿಷ್ಟು ಉಜ್ಜಿ ಸವೆಯುತ್ತವೆ, ವರ್ಷಗಳು ಕಳೆದಂತೆ ಅಂತರ ಹಿಗ್ಗುತ್ತದೆ. ಎಂಜಿನ್ ನಿಲ್ಲಿಸಿ ಫೀಲರ್ ಗೇಜ್ (ಅಂತರ ಅಳೆಯುವ ತೆಳು ಪಟ್ಟಿ) ತೂರಿಸಿದಾಗ ಈ ಗಾಡಿಯಲ್ಲಿ ಸಿಕ್ಕಿದ್ದು 0.95. ಅಂತರ ಎರಡು ಪಟ್ಟಾದರೆ ಎಳೆತ ಹೆಚ್ಚೂಕಡಿಮೆ ಕಾಲು ಭಾಗಕ್ಕೆ ಬೀಳುತ್ತದೆ. ಆದರೆ ಒಮ್ಮೆ ಕಚ್ಚಿಕೊಂಡ ಮೇಲೆ ಅಂತರವೇ ಇರುವುದಿಲ್ಲ, ಆಗ ಸಣಕಲು ಕರೆಂಟೂ ಗಟ್ಟಿಯಾಗಿ ಹಿಡಿದಿಡುತ್ತದೆ. ಮಾಲೀಕರ ಒಗಟು ಬಿಡಿಸಿದ್ದು ಇದೇ. ಬೆಳಗ್ಗೆ ತಣ್ಣಗಿದ್ದಾಗ ಕಚ್ಚುತ್ತದೆ. ಐದು ಜನ ಕೂತು ಬಿಸಿಲಲ್ಲಿ ಹೋಗುವಾಗ ಒಳಗೆ ಪೂರ್ತಿ ತಣ್ಣಗಾಗುವುದೇ ಇಲ್ಲ, ಸೆನ್ಸರ್ ಕಡಿಯುವುದಿಲ್ಲ, ಕಚ್ಚಿದ್ದು ಕಚ್ಚಿದಂತೆಯೇ ಇರುತ್ತದೆ. ಒಬ್ಬರೇ ಇದ್ದಾಗ ಬೇಗ ತಣ್ಣಗಾಗಿ ಸೆನ್ಸರ್ ಬಿಡಿಸುತ್ತದೆ, ಅಷ್ಟು ಹೊತ್ತಿಗೆ ಎಂಜಿನ್ ಗೂಡು ಕಾದಿರುತ್ತದೆ, ಮತ್ತೆ ಕಚ್ಚುವಷ್ಟು ಬಲ ಸುರುಳಿಗೆ ಉಳಿದಿರುವುದಿಲ್ಲ.

ಕಾದರೆ ಬಲ ಯಾಕೆ ಕುಗ್ಗಬೇಕು? ಸುರುಳಿ ತಾಮ್ರದ ತಂತಿಯದು. ತಾಮ್ರದ ವಿದ್ಯುತ್ ತಡೆ ಪ್ರತಿ ಡಿಗ್ರಿಗೆ ಸುಮಾರು 0.4 ಶೇಕಡಾ ಏರುತ್ತದೆ. ಬೆಳಗ್ಗೆ ಅಳೆದಾಗ 3.6 ಓಮ್ ಇದ್ದದ್ದು, ತೊಂದರೆ ಕಾಣಿಸಿಕೊಂಡ ಕೂಡಲೇ ಎಂಜಿನ್ ನಿಲ್ಲಿಸಿ ಅಳೆದಾಗ 4.7 ಓಮ್. ಅಂದರೆ ಸುರುಳಿ ನೂರು ಡಿಗ್ರಿಯ ಮೇಲಿತ್ತು. 13.8 ವೋಲ್ಟಿಗೆ 3.6 ಓಮ್ ಸುರುಳಿಯಲ್ಲಿ 3.8 ಆಂಪಿಯರ್ ಹರಿಯುತ್ತದೆ. 12 ವೋಲ್ಟಿಗೆ 4.7 ಓಮ್‌ನಲ್ಲಿ 2.55 ಮಾತ್ರ. ಎಳೆತ ಕರೆಂಟಿನ ವರ್ಗದಂತೆ ಬದಲಾಗುವುದರಿಂದ ಉಳಿದದ್ದು ಅರ್ಧಕ್ಕಿಂತ ಕಡಿಮೆ. ಇದರ ಮೇಲೆ ಹಿಗ್ಗಿದ ಅಂತರ ಬೇರೆ. ಅತಿಯಾದ ಗ್ಯಾಸೂ ತನ್ನ ಪಾಲು ಕೊಟ್ಟಿತ್ತು: ಮೇಲಿನ ಒತ್ತಡ ಜಾಸ್ತಿ ಇದ್ದಷ್ಟೂ ಕಂಪ್ರೆಸರ್ ತಿರುಗಿಸುವುದು ಭಾರ, ಕಚ್ಚುವಾಗ ತಟ್ಟೆ ಜಾರಿ ಉಜ್ಜುವುದು ಜಾಸ್ತಿ, ಮುಖಗಳು ಅಷ್ಟು ಬೇಗ ಸವೆಯುತ್ತವೆ.

ಹಳೇ ಗಾಡಿಗಳಲ್ಲಿ ಹೀಗೇ ಆಗುವುದು. ಯಾವುದೂ ಪೂರ್ತಿ ಕೆಟ್ಟಿರುವುದಿಲ್ಲ, ನಾಲ್ಕಾರು ಭಾಗಗಳು ಅರ್ಧರ್ಧ ಕೆಟ್ಟಿರುತ್ತವೆ. ಒಂದೊಂದನ್ನೇ ಪರೀಕ್ಷಿಸಿದರೆ ಎಲ್ಲವೂ "ನಡೆಯುತ್ತೆ" ಅನ್ನುವಂತಿರುತ್ತವೆ. ಹಿಂದಿನ ಎರಡು ಸಲ ಗ್ಯಾಸ್ ತುಂಬಿಸಿದಾಗ ಸರಿಹೋದಂತೆ ಕಂಡದ್ದಕ್ಕೂ ಇಲ್ಲೇ ಉತ್ತರ ಇದೆ. ಗ್ಯಾಸ್ ಹಾಕುವಾಗ ಗಾಡಿ ನಿಂತಿರುತ್ತದೆ, ಬಾನೆಟ್ ತೆರೆದಿರುತ್ತದೆ, ಸುರುಳಿ ಆರುತ್ತದೆ. ಆಮೇಲೆ ಎಸಿ ಹಾಕಿದರೆ ಕಚ್ಚದೆ ಏನು ಮಾಡೀತು? ವಾಸಿ ಮಾಡಿದ್ದು ಕಾಯ್ದ ಹೊತ್ತು, ಹೆಸರು ಬಂದದ್ದು ಗ್ಯಾಸಿಗೆ.

ರಿಪೇರಿಯಲ್ಲಿ ಮೊದಲು ಕರೆಂಟಿನ ದಾರಿ ಹಿಡಿದೆವು. ಕಳೆದುಹೋಗುತ್ತಿದ್ದ 1.8 ವೋಲ್ಟಿನಲ್ಲಿ ಅರ್ತ್ ಕಡೆ ಬರೀ 0.1, ಮಿಕ್ಕದ್ದೆಲ್ಲ ಬ್ಯಾಟರಿಯಿಂದ ಬರುವ ಕಡೆ. ಆ ದಾರಿಯಲ್ಲಿ ಎಸಿ ರಿಲೇ ಇದೆ, ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಹಾಕಿ ತೆಗೆಯುವ ಸ್ವಿಚ್ ಅದು. ಅದು ಕೂತ ಪೆಟ್ಟಿಗೆಯಲ್ಲೇ ಇದ್ದ ಹಾರ್ನಿನ ರಿಲೇ ಅದರ ಜಾತಿಯದೇ ಆಗಿತ್ತು. ಅದನ್ನು ಕಿತ್ತು ಎಸಿ ಜಾಗಕ್ಕೆ ಹಾಕಿದ ತಕ್ಷಣ ನಷ್ಟ 0.4ಕ್ಕೆ ಇಳಿಯಿತು. ಹಳೇ ರಿಲೇಯ ಮುಚ್ಚಳ ಬಿಚ್ಚಿ ನೋಡಿದರೆ ಒಳಗಿನ ಪುಟ್ಟ ಬಿಲ್ಲೆ ಕಪ್ಪಾಗಿ, ಮಧ್ಯೆ ಗುಳಿ ಬಿದ್ದಿತ್ತು. ಹೊಸ ರಿಲೇ ಬಂತು, ಹಾರ್ನ್ ತನ್ನದನ್ನು ವಾಪಸ್ ಪಡೆಯಿತು.

ಆಮೇಲೆ ಕ್ಲಚ್. ಕಂಪ್ರೆಸರ್ ಬದಲಿಸಿ ಅನ್ನುವವರು ಇಂಥ ಕಡೆ ಇದ್ದೇ ಇರುತ್ತಾರೆ, ಇದಕ್ಕೆ ಬೇಕಾದದ್ದು ತಟ್ಟೆ ಹೊರಗೆಳೆಯುವ ಒಂದು ಪುಲ್ಲರ್ ಮತ್ತು ಸಮಾಧಾನ. ಬೆಲ್ಟ್ ತೆಗೆದು ಪುಲ್ಲಿಯನ್ನು ಕೈಯಲ್ಲಿ ತಿರುಗಿಸಿ ಬೇರಿಂಗ್ ಗರಗರ ಅನ್ನುವುದಿಲ್ಲ ಅಂತ ಖಾತ್ರಿ ಮಾಡಿಕೊಂಡೆವು. ಬೇರಿಂಗ್ ಹೋಗಿದ್ದರೆ ಲೆಕ್ಕವೇ ಬೇರೆ. ನಡುವಿನ ಬೋಲ್ಟ್ ಬಿಚ್ಚಿ ತಟ್ಟೆಯನ್ನು ಹೊರಗೆಳೆದಾಗ ಅದರ ಮುಖದ ಮೇಲೆ ನೀಲಿಬಣ್ಣದ ಬಿಸಿಕಲೆ ಉಂಗುರದಂತೆ ಕೂತಿತ್ತು, ಜಾರಿ ಉಜ್ಜಿದ ಸಾಕ್ಷಿ. ಬಿರುಕು ಇರಲಿಲ್ಲ. ಹಿಂದೆ ಶಾಫ್ಟಿನ ಮೇಲೆ ತೆಳು ವಾಷರುಗಳಿದ್ದವು, ಅವನ್ನು ಶಿಮ್ ಅನ್ನುತ್ತಾರೆ, ಅಂತರ ನಿರ್ಧರಿಸುವುದೇ ಅವು. 0.5 ಮಿ.ಮೀ. ದಪ್ಪದ ಒಂದನ್ನು ತೆಗೆದು ತಟ್ಟೆ ಕೂರಿಸಿ, ಸುತ್ತ ಮೂರು ಕಡೆ ಫೀಲರ್ ಗೇಜ್ ತೂರಿಸಿ ನೋಡಿದರೆ 0.45, ಎಲ್ಲ ಕಡೆ ಒಂದೇ ಸಮ. ತೀರಾ ಕಮ್ಮಿಯೂ ಮಾಡಬಾರದು. ಆಫ್ ಆದಾಗಲೂ ತಟ್ಟೆ ತಾಗುತ್ತಿದ್ದರೆ ಕಿರ್ ಅಂತ ಉಜ್ಜಿ ಸುರುಳಿಯನ್ನೇ ಸುಟ್ಟುಹಾಕುತ್ತದೆ.

ಕೊನೆಗೆ ಗ್ಯಾಸ್. ಅದನ್ನು ಗಾಳಿಗೆ ಬಿಡದೆ ಮೆಷಿನ್ನಿಗೆ ಎಳೆದುಕೊಂಡೆವು. ಆರ್‌-134ಎ ಭೂಮಿಯನ್ನು ಬಿಸಿ ಮಾಡುವುದರಲ್ಲಿ ಅಷ್ಟೇ ತೂಕದ ಇಂಗಾಲದ ಡೈಆಕ್ಸೈಡಿಗಿಂತ ಸಾವಿರಕ್ಕೂ ಮಿಕ್ಕಿ ಪಟ್ಟು ಬಲಿಷ್ಠ. ಬಾನೆಟ್ ಒಳಗಿನ ಚೀಟಿಯಲ್ಲಿ 480 ಗ್ರಾಂ ಅಂತಿತ್ತು, ಹೊರಬಂದದ್ದು 610. ಗಾಳಿ ಸೇರಿದ ಕಡೆ ತೇವವೂ ಸೇರಿರುತ್ತದೆ ಅಂತ ತೇವ ಹೀರಿಕೊಳ್ಳುವ ಡ್ರೈಯರ್ ಬದಲಿಸಿ, ಬಿಚ್ಚಿದ ಜಾಯಿಂಟುಗಳಿಗೆ ಹೊಸ ಓ-ರಿಂಗ್ ಹಾಕಿ, ಹಳೇ ಡ್ರೈಯರಿನಲ್ಲಿ ಉಳಿದಷ್ಟು ಕಂಪ್ರೆಸರ್ ಎಣ್ಣೆಯನ್ನು ಸೇರಿಸಿದೆವು. ಮುಕ್ಕಾಲು ಗಂಟೆ ವ್ಯಾಕ್ಯೂಮ್. ಇದನ್ನು ಹತ್ತು ನಿಮಿಷಕ್ಕೆ ಮುಗಿಸುವವರಿದ್ದಾರೆ. ವ್ಯಾಕ್ಯೂಮಿನ ಕೆಲಸ ಗಾಳಿ ಎಳೆಯುವುದಷ್ಟೇ ಅಲ್ಲ, ಒಳಗಿನ ನೀರನ್ನು ಕುದಿಸಿ ಆವಿ ಮಾಡುವುದೂ ಹೌದು. 25 ಡಿಗ್ರಿಯಲ್ಲಿ ನೀರು ಕುದಿಯಬೇಕಾದರೆ ಒತ್ತಡ ಪಾದರಸದ 24 ಮಿ.ಮೀ.ಗಿಂತ ಕೆಳಗಿಳಿಯಬೇಕು, ಇಳಿದ ಮೇಲೂ ಆವಿ ಹೊರಬರಲು ಹೊತ್ತು ಬೇಕು. ಪಂಪ್ ನಿಲ್ಲಿಸಿ ಕಾದೆವು, ಮುಳ್ಳು ಕದಲಲಿಲ್ಲ. ಆಮೇಲೆ ತಕ್ಕಡಿಯ ಮೇಲೆ ಸಿಲಿಂಡರ್ ಇಟ್ಟು ಸರಿಯಾಗಿ 480 ಗ್ರಾಂ. ಗೇಜ್ ನೋಡಿಕೊಂಡು ಅಂದಾಜಿಗೆ ತುಂಬುವುದಕ್ಕೂ ತೂಕ ಹಾಕಿ ತುಂಬುವುದಕ್ಕೂ ಇರುವ ವ್ಯತ್ಯಾಸವನ್ನು ಆ ಹೆಚ್ಚುವರಿ 130 ಗ್ರಾಂ ಹೇಳುತ್ತದೆ. ಕಂಡೆನ್ಸರ್ ಮತ್ತು ರೇಡಿಯೇಟರ್ ನಡುವೆ ಸೇರಿದ್ದ ತರಗೆಲೆ, ದೂಳು ಹಿಂದಿನಿಂದ ನೀರು ಬಿಟ್ಟು ತೊಳೆದದ್ದೂ ಆಯಿತು.

33 ಡಿಗ್ರಿ ಹೊರಬಿಸಿಯಲ್ಲಿ, ಅದೇ 1500 ಆರ್‌ಪಿಎಂನಲ್ಲಿ, ಕೆಳಗೆ 31, ಮೇಲೆ 215, ಜಾಲರಿಯಲ್ಲಿ 7 ಡಿಗ್ರಿ. ಈ ಅಂಕಿಗಳಿಗಿಂತ ನಮಗೆ ಬೇಕಾದ್ದು ಬಿಸಿಯಲ್ಲಿ ಕಚ್ಚುವುದು. ಮತ್ತೆ ಬಾನೆಟ್ ಮುಚ್ಚಿ, ಬ್ಲೋವರ್ ಕಡಿಮೆ ಮಾಡಿ, ಹಿಂದೆ ನಿಂತುಹೋದದ್ದಕ್ಕಿಂತ ಬಹಳ ಹೆಚ್ಚು ಹೊತ್ತು ಬಿಟ್ಟೆವು. ಸುರುಳಿ ಕಾದು ಮತ್ತೆ 4.7 ಓಮ್ ತಲುಪಿತ್ತು, ಬಿಸಿಯ ಮಟ್ಟಿಗೆ ಏನೂ ಬದಲಾಗಿರಲಿಲ್ಲ. ಸೆನ್ಸರ್ ಬಿಟ್ಟಷ್ಟು ಸಲವೂ ತಟ್ಟೆ ಟಕ್ ಅಂತ ವಾಪಸ್ ಕಚ್ಚಿತು.

ಒಂದನ್ನು ಹಾಗೇ ಬಿಟ್ಟಿದ್ದೇವೆ. ಕಂಪ್ರೆಸರಿನ ಮೂತಿಯ ಕೆಳಗೆ, ಶಾಫ್ಟ್ ಸೀಲ್ ಇರುವ ಜಾಗದಲ್ಲಿ ದೂಳು ಹಿಡಿದ ಎಣ್ಣೆಯ ತೆಳು ಗೆರೆಯಿತ್ತು. ಇಷ್ಟು ವಯಸ್ಸಾದ ಕಂಪ್ರೆಸರಿನಲ್ಲಿ ಅದು ಸಾಮಾನ್ಯ. ಪತ್ತೆಹಚ್ಚುವ ಬಣ್ಣವನ್ನು ಎಣ್ಣೆಯ ಜೊತೆ ಸೇರಿಸಿ ನೇರಳಾತೀತ ದೀಪದಲ್ಲಿ ನೋಡಿದಾಗ ಹೊಳೆದದ್ದು ಮಬ್ಬಾಗಿ, ಹನಿಗಟ್ಟುವಷ್ಟಿರಲಿಲ್ಲ. ಅಷ್ಟಕ್ಕೆ ಸೀಲ್ ಬದಲಿಸಲು ಹೋದರೆ ಕಂಪ್ರೆಸರನ್ನೇ ಇಳಿಸಬೇಕು. ಮಾಲೀಕರಿಗೆ ಜಾಗ ತೋರಿಸಿ, ಸೋರುವ ತೂತನ್ನು ಮುಚ್ಚುತ್ತದೆ ಅಂತ ಮಾರುವ ಡಬ್ಬಿಯ ಔಷಧಿಯನ್ನು ಮಾತ್ರ ಯಾರು ಹೇಳಿದರೂ ಹಾಕಿಸಬೇಡಿ ಅಂದೆ. ಅದು ವಾಲ್ವಿನ ಬಾಯಲ್ಲೂ ಗಟ್ಟಿಯಾಗಬಹುದು, ಗ್ಯಾಸ್ ಎಳೆಯುವ ಮೆಷಿನ್ನನ್ನೂ ಹಾಳುಮಾಡುತ್ತದೆ. ಮುಂದೊಂದು ದಿನ ಕೂಲಿಂಗ್ ನಿಧಾನವಾಗಿ ಇಳಿಯತೊಡಗಿದರೆ ಆಗ ಲೀಕಿನ ಮಾತು ಸರಿ. ಮೊದಲು ಇರುವ ಗ್ಯಾಸನ್ನು ಪೂರ್ತಿ ತೆಗೆಸಿ ತೂಕ ಬರೆಸಿಕೊಳ್ಳಿ, 480ರಲ್ಲಿ ಎಷ್ಟು ಉಳಿದಿದೆ ಅನ್ನುವುದರ ಮೇಲೆ ಸೀಲ್ ಬದಲಿಸಬೇಕೋ ಬೇಡವೋ ನೋಡೋಣ ಅಂತ ಹೇಳಿ, ಇವತ್ತಿನ ತೂಕ, ಒತ್ತಡ, ಅಂತರ ಮೂರನ್ನೂ ಬರೆದ ಚೀಟಿಯನ್ನು ಬಾನೆಟ್ಟಿನ ಹಳೇ ಚೀಟಿಯ ಪಕ್ಕದಲ್ಲೇ ಅಂಟಿಸಿ ಕೊಟ್ಟೆವು.